ಎರಡು ರಾತ್ರಿಗಳ ವನವಾಸ

ಕಾಡಿನ ಸೆರಗಿನಲ್ಲಿಯೇ ಮನೆ ಕಟ್ಟಿಕೊಂಡವರು ವಿಶ್ರಾಂತಿಗೆಂದು ಮತ್ತೊಂದು ಕಾಡನ್ನು ಅರಸಿಕೊಂಡು ಹೋಗುವುದುಂಟೆ? ತಾಳವಾಡಿಯ ಸೀಮೆಯನ್ನು ಕಂಡ ವಾಚಕರಿಗೆ ಈ ಪ್ರಶ್ನೆಯ ಔಚಿತ್ಯವನ್ನು ವಿವರಿಸಿ ಹೇಳಬೇಕಾದುದಿಲ್ಲ. ತೆಂಕಣ ದಿಕ್ಕಿಗೆ ದಿಂಬಂ ಘಟ್ಟದ 27 ತಿರುವುಗಳು, ಬಡಗಣಕ್ಕೆ ಚಾಮರಾಜನಗರದ ಬಯಲು, ಉಳಿದ ಕಡೆಗಳಲ್ಲೆಲ್ಲ ಕಣ್ಣು ಹರಿದಷ್ಟು ದೂರ ಅಡವಿ. ಆ ಅಡವಿಯು 2008ರಲ್ಲಿ ಅಭಯಾರಣ್ಯವೆನಿಸಿತು, 2013ರಲ್ಲಿ ಹುಲಿಗಳ ರಕ್ಷಿತಾರಣ್ಯವೆಂದು ಸಾರಲ್ಪಟ್ಟಿತು. 1956ರಲ್ಲಿ ಭಾಷಾವಾರು ಪ್ರಾಂತಗಳ ಗೆರೆಯೆಳೆದಾಗ ನಾವು ಗೆರೆಯ ಈಚೆಗೆ ಉಳಿದೆವು. ಆನೆಗಳು ಮಾತ್ರ ಆ ಗೆರೆಯನ್ನು ಇಂದಿಗೂ ಮನ್ನಿಸಿಲ್ಲ. ಬಿಳಿಗಿರಿಯ ಕಾಡಿನಿಂದ ಸತ್ಯಮಂಗಲದ ಕಾಡಿಗೂ ಅಲ್ಲಿಂದ ಇಲ್ಲಿಗೂ ತಮ್ಮ ಹಳೆಯ ಹಾದಿಯಲ್ಲಿಯೇ ಬಂದು ಹೋಗುತ್ತಿವೆ.

ಹೀಗಿರಲಾಗಿ, ಬೇಸಗೆಯ ರಜೆಯಲ್ಲಿ ಎರಡು ದಿನ ಎಲ್ಲಿಗಾದರೂ ಹೋಗಿಬರಬೇಕೆಂಬ ಮಾತು ನಮ್ಮ ಮನೆಯಲ್ಲಿ ಎದ್ದುದು ಮಕ್ಕಳಿಂದ. ಮಗನ ಸಹಪಾಠಿಯೊಬ್ಬನು ಮೊಬೈಲಿನಲ್ಲಿ ಒಂದು ಅರಣ್ಯ ವಿಹಾರಗ್ರಾಮದ ಚಿತ್ರಗಳನ್ನು ತೋರಿಸಿದ್ದನಂತೆ. ಮರಗಳ ನಡುವೆ ಹುಲ್ಲು ಹೊದಿಸಿದ ಗುಡಿಸಲುಗಳು, ಗುಡಿಸಲಿನೊಳಗೆ ತಂಪು ಬೀರುವ ಯಂತ್ರ, ಹೊರಗೆ ನೀಲಿಯ ಈಜುಕೊಳ, ರಾತ್ರಿ ಬೆಂಕಿಯ ಸುತ್ತ ಕುರ್ಚಿಗಳು. ಒಂಬತ್ತು ವರ್ಷದ ಮಗನಿಗೆ ಈಜುಕೊಳ ಹಿಡಿಸಿತು, ಹದಿಮೂರರ ಮಗಳಿಗೆ ಗುಡಿಸಲು. ಅತ್ತೆಯವರು ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಕೇಳಿದರು: "ಆನ ನೋಡಕ ದುಡ್ಡು ಕೊಟ್ಟು ಹೋಗದಾ ಕೂಸೆ? ನಮ್ಮ ಜ್ವಾಳ ತಿನ್ನಕ ಅದು ಬಂದಾಗ ನಾವೇನು ಟಿಕೀಟು ಕೇಳುದ್ವಾ?"

ಆದರೂ ಮಕ್ಕಳ ಸಮಾಧಾನಕ್ಕಾಗಿ ವಿಚಾರಿಸಿ ನೋಡಿದೆವು. ಫೋನಿನಲ್ಲಿ ಮಾತನಾಡಿದ ತರುಣನು ಸೌಜನ್ಯವಂತನೇ. ತಲೆಗೆ, ರಾತ್ರಿಗೆ 4,500 ರೂಪಾಯಿ. 12 ವರ್ಷದೊಳಗಿನ ಮಕ್ಕಳಿಗೆ ಅರ್ಧ. ನಮ್ಮ ಶಾಲೆಯ ಐದನೆಯ ತರಗತಿಯ ಮಕ್ಕಳಿಗೆ ಕೊಡಬಹುದಾದ ಲೆಕ್ಕವಿದು: ನಾಲ್ವರು ಪೂರ್ಣ, ಒಬ್ಬನು ಅರ್ಧ, ರಾತ್ರಿಗಳು ಎರಡು. ಉತ್ತರ 40,500. ಮಗಳೇ ಕೂಡಿಸಿ ಗುಣಿಸಿ ಹೇಳಿದಳು, ಹೇಳಿದ ಮೇಲೆ ಗುಡಿಸಲಿನ ಮಾತನ್ನು ಮತ್ತೆ ಎತ್ತಲಿಲ್ಲ.

ಇಲ್ಲಿ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬೇಕೆನಿಸುತ್ತದೆ. ನಮ್ಮ ಕಡೆಯ ಸೋಲಿಗರು ಕಾಡಿನೊಳಗೆ ಇಂಥವೇ ಹುಲ್ಲಿನ ಗುಡಿಸಲುಗಳಲ್ಲಿ, ಪೋಡುಗಳೆಂಬ ಪುಟ್ಟ ಹಾಡಿಗಳಲ್ಲಿ ತಲೆಮಾರುಗಳಿಂದ ಬಾಳಿದವರು. ಬಿಳಿಗಿರಿಯ ಕಾಡು 1974ರಲ್ಲಿ ಅಭಯಾರಣ್ಯವಾದಾಗ ಬಹಳ ಮಂದಿಯನ್ನು ಒಳಗಿನ ಪೋಡುಗಳಿಂದ ಎಬ್ಬಿಸಿ ರಸ್ತೆಯ ಬದಿಗೆ ತಂದು ಇರಿಸಿದರು. 2006ರ ಅರಣ್ಯ ಹಕ್ಕು ಕಾಯಿದೆಯ ಪ್ರಕಾರ ಅಲ್ಲಿಯ ಅನೇಕ ಪೋಡುಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆತುದು 2011ರಲ್ಲಿ. ಗುಡಿಸಲನ್ನು ಬಿಡಿಸಿಕೊಂಡವರು ಕಾಗದಕ್ಕಾಗಿ ವರ್ಷಗಟ್ಟಲೆ ಕಾಯಬೇಕಾಯಿತು; ಅದೇ ಗುಡಿಸಲಿನ ಅಣಕವನ್ನು ಕಟ್ಟಿದವರಿಗೆ ಒಂದು ಫೋನು ಸಾಕು.

ಖಾಸಗಿಯವರನ್ನು ಬಿಟ್ಟು ಸರಕಾರದ ವ್ಯವಸ್ಥೆಗಳತ್ತ ನೋಡಿದೆವು. ಕರ್ನಾಟಕ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು 1980ರಲ್ಲಿ ಆರಂಭವಾದುದು. ಹಿಂದೆ ಮೈಸೂರಿನ ಅರಸರು ಬೇಟೆಗೆ ಬಂದಾಗ ಬೀಡುಬಿಡುತ್ತಿದ್ದ ಕೆ. ಗುಡಿಯಲ್ಲಿ ಅದರ ಶಿಬಿರವೊಂದಿದೆ. ಊಟ, ವಸತಿ, ಜೀಪಿನಲ್ಲಿ ಕಾಡಿನ ಸುತ್ತಾಟ ಎಲ್ಲವೂ ಸೇರಿದ ದರವಾದುದರಿಂದ ಅದನ್ನು ಅನ್ಯಾಯವೆನ್ನಲಾಗದು. ಆದರೆ ಅದೂ ತಲೆಯೆಣಿಸುವ ದರವೇ. ಗಂಡಹೆಂಡಿರಿಬ್ಬರೇ ಹೋಗುವುದಾದರೆ ತಲೆಯ ಲೆಕ್ಕ ನಡೆದೀತು. ಅತ್ತೆ, ಮಕ್ಕಳು ಕೂಡಿದ ಸಂಸಾರಕ್ಕೆ ಕೋಣೆಯ ಲೆಕ್ಕವೇ ಹಿತ. ನಮ್ಮಂಥ ಆದಾಯದವರು ಇಂಥ ಯೋಜನೆಗೆ ತೊಡಗುವಾಗ ಮೊದಲು ಕೇಳಬೇಕಾದುದು "ದರವೆಷ್ಟು" ಎಂದಲ್ಲ, "ಯಾವುದಕ್ಕೆ ದರ" ಎಂದು. ಒಂದೇ ಕೋಣೆಯಲ್ಲಿ ಇನ್ನೊಂದು ಹಾಸಿಗೆ ಹಾಸಿ ಐವರು ಮಲಗಲು ಒಪ್ಪುವ ಮನೆಯೊಡೆಯನು ಸಿಕ್ಕಿದರೆ ಅರ್ಧ ಖರ್ಚು ಅಲ್ಲಿಗೇ ಇಳಿದಂತೆ.

ಮುದುಮಲೆಯ ವಿಚಾರವೂ ಬಂದಿತು. 1940ರಷ್ಟು ಹಿಂದೆಯೇ ಅಭಯಾರಣ್ಯವಾದ ಆ ಕಾಡಿನಲ್ಲಿ, ತೆಪ್ಪಕಾಡಿನ ಆನೆ ಶಿಬಿರದ ಆಸುಪಾಸಿನಲ್ಲಿ, ಅರಣ್ಯ ಇಲಾಖೆಯವರ ಕೋಣೆಗಳಿವೆ. ನೀಲಗಿರಿಗೆ ಹೋಗುವ ವಾಹನಗಳಿಗೆ 2024ರ ಮೇ 7ರಿಂದ ನ್ಯಾಯಾಲಯದ ಆದೇಶದಂತೆ ಇ-ಪಾಸು ಬೇಕಾಯಿತಾದರೂ ಬಸ್ಸಿನಲ್ಲಿ ಹೋಗುವ ನಮ್ಮಂಥವರಿಗೆ ಅದರ ಬಾಧೆಯಿರಲಿಲ್ಲ. ಆದರೆ ನಮಗೆ ಬೇಕಾದ ದಿನಗಳಲ್ಲಿ ಕೋಣೆ ಬರಿದಿರಲಿಲ್ಲ. ಬರಿದಿದ್ದ ದಿನಗಳು ನಮ್ಮ ಯಜಮಾನರಿಗೆ ಆಗುತ್ತಿರಲಿಲ್ಲ.

ನಿಜವಾಗಿ ನೋಡಿದರೆ ಹಣಕ್ಕಿಂತ ದೊಡ್ಡ ತೊಡಕು ಇದೇ ಆಗಿದ್ದಿತು. ನಮ್ಮ ಹೊಲ ಕಾಡಿನ ಅಂಚಿಗಿದೆ. ಜೋಳ ಹಾಲುಗಟ್ಟುವಾಗಿನಿಂದ ಕೊಯ್ಲಿನವರೆಗೆ, ಬಾಳೆ ಗೊನೆ ಹಾಕಿದಾಗಿನಿಂದ ಗೊನೆ ಕಡಿಯುವವರೆಗೆ ಯಜಮಾನರು ರಾತ್ರಿ ಮನೆಯಲ್ಲಿ ಮಲಗಿದ್ದೇ ಇಲ್ಲ. ಹುಣಿಸೆಯ ಮರದ ಮೇಲೆ ಅಟ್ಟಣೆ. ಅದರ ಮೇಲೊಂದು ಕಂಬಳಿ, ಒಂದು ಬ್ಯಾಟರಿ, ಬಡಿಯುವುದಕ್ಕೆ ಒಂದು ತಗಡಿನ ಡಬ್ಬ, ನಾಲ್ಕು ಪಟಾಕಿ. ಕಂದಕ ತೋಡಿದ್ದಾರೆ, ಮಳೆಗಾಲದಲ್ಲಿ ಮಣ್ಣು ಕುಸಿದು ಆನೆಗೆ ಮೆಟ್ಟಿಲಾಗುತ್ತದೆ. ಸೂರ್ಯಶಕ್ತಿಯ ತಂತಿಬೇಲಿಯಿದೆ, ಒಣಮರವೊಂದನ್ನು ಅದರ ಮೇಲೆ ಕೆಡವಿ ದಾಟುವ ಉಪಾಯವನ್ನು ಆನೆ ಕಲಿತಿದೆ. ಪರಿಹಾರಕ್ಕೆ ಅರ್ಜಿ ಹಾಕಬಹುದು, ಹಾಕಿದ್ದೇವೆ. ತುಳಿದ ಬೆಳೆಗೆ ಬೆಲೆ ಕಟ್ಟುತ್ತಾರೆ, ಕಾದ ರಾತ್ರಿಗೆ ಬೆಲೆ ಕಟ್ಟುವ ಕಾಲಂ ಆ ಅರ್ಜಿಯಲ್ಲಿಲ್ಲ. ಮನೆಯಲ್ಲಿ ಮಲಗಿದ ದಿನಗಳಲ್ಲಿಯೂ ನಾಯಿ ಬೊಗಳಿದರೆ ಸಾಕು, ಯಜಮಾನರು ಎದ್ದು ಕುಳಿತಿರುತ್ತಾರೆ. ಅವರು ಹಗಲಿನಲ್ಲಿ ಮಾತು ಕಡಿಮೆ ಮಾಡಿದ್ದಾರೆ; ಉಣ್ಣುತ್ತಿರುವಾಗಲೇ ತೂಕಡಿಸುತ್ತಾರೆ. ಮಗನು ತನ್ನ ತಂದೆಯನ್ನು ಹಗಲು ನಿದ್ರಿಸುವವರೆಂದೇ ತಿಳಿದಿದ್ದಾನೆ. ನಮಗೆ ಬೇಕಾಗಿದ್ದುದು ಈಜುಕೊಳವಲ್ಲ, ಜೀಪಿನ ಸುತ್ತಾಟವೂ ಅಲ್ಲ. ಆನೆ ಬಂದರೂ ತಮಗೆ ಸಂಬಂಧವಿಲ್ಲವೆಂದು ಅವರು ಮಲಗಬಹುದಾದ ಎರಡು ರಾತ್ರಿಗಳು. ಇದನ್ನು ಮಕ್ಕಳ ಮುಂದೆ ಹೇಳಲಿಲ್ಲ, ಅವರ ಮುಂದೆಯಂತೂ ಹೇಳಲೇ ಇಲ್ಲ.

"ಹೋಗದಾದ್ರ ಬಿತ್ತನಗ ಮುಂಚ ಹೋಗ್ಬೇಕು" ಎಂದಷ್ಟೇ ಅವರು ಹೇಳಿದುದು. ಈ ಸಲ ಬಾಳೆಯ ಗೊನೆಗಳು ಕಡಿದು ಹೋಗಿದ್ದವು. ಜೋಳ ಬಿತ್ತಲು ಇನ್ನೂ ಮಳೆ ಬೇಕಾಗಿದ್ದಿತು. ಹೊಲ ಬರಿದಾಗಿರುವ ವಾರವೂ ಶಾಲೆ ಮುಚ್ಚಿರುವ ವಾರವೂ ಒಂದೇ ಆಗಿ ಬಂದುದು ಮೇ ತಿಂಗಳಿನಲ್ಲಿ. ಎಮ್ಮೆಯ ಹೊಣೆಯನ್ನು ಪಕ್ಕದ ಮನೆಯವರು ಹೊತ್ತರು.

ಕೊನೆಗೆ ಸ್ಥಳವನ್ನು ನಿಶ್ಚಯಿಸಿದವರು ಅತ್ತೆಯವರೇ. "ದುಡ್ಡು ಕಳಿಯದೇ ಆದ್ರ ರಂಗಪ್ಪನ ಬೆಟ್ಟಕ್ಕ ಹೋಗವ. ಅಲ್ಲೂ ಕಾಡೇ ಅದ, ದೇವ್ರೂ ಅವ್ನ." ಮದುವೆಗೆ ಮುಂಚೆ ತಮ್ಮ ತಂದೆಯೊಡನೆ ಜಾತ್ರೆಗೆ ನಡೆದೇ ಹೋಗಿದ್ದರಂತೆ. ಜಾತ್ರೆಯ ಜನಸಂದಣಿ ಕರಗಿದ ಮೇಲೆ ಹೋಗುವುದೆಂದು ನಾವು ಸೇರಿಸಿದೆವು. ಆಗ ಕೋಣೆಯ ಬಾಡಿಗೆಯೂ ಇಳಿಯುತ್ತದೆ.

ಮಹಿಳಾ ಸಂಘದಲ್ಲಿ ತಿಂಗಳಿಗೆ 500ರಂತೆ 14 ತಿಂಗಳು ಕಟ್ಟಿದ ಹಣ 7,000 ಕೈಗೆ ಬಂದಿದ್ದಿತು. ಹಳೆಯ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಲೆಕ್ಕ ಬರೆದೆವು. ಬೆಟ್ಟದ ಮೇಲೆ ಒಂದು ಸಾಧಾರಣ ವಸತಿಗೃಹದಲ್ಲಿ ಕೋಣೆಗೆ ರಾತ್ರಿಯೊಂದಕ್ಕೆ 1,300ರಂತೆ 2,600. ಹೋಗಿ ಬರುವ ಬಸ್ಸಿಗೆ 1,100. ಹೋಟೆಲಿನ ಊಟ ತಿಂಡಿಗೆ 1,500. ಪೂಜೆ, ಹರಕೆಗೆ 500, ಆಟೋವಿಗೆ 300. ಒಟ್ಟು 6,000, ಉಳಿದ 1,000 ಯಾರಿಗೂ ಹೇಳದೆ ಬೇರೆ ಮಡಿಸಿಟ್ಟುದು. ಮುದುಕರೂ ಮಕ್ಕಳೂ ಜೊತೆಯಲ್ಲಿರುವಾಗ ಹೀಗೆ ಮಡಿಸಿಟ್ಟ ನೋಟಿಗಿರುವ ಧೈರ್ಯ ಎಣಿಸಿದ ನೋಟಿಗಿಲ್ಲ. ಊಟದ ಖರ್ಚು ಇಷ್ಟರಲ್ಲಿ ನಿಂತುದಕ್ಕೆ ಕಾರಣ ಬುತ್ತಿ. ಮೊದಲ ದಿನಕ್ಕೆ ಪುಳಿಯೋಗರೆ ಮತ್ತು ರಾಗಿರೊಟ್ಟಿ, ಎರಡನೆಯ ದಿನಕ್ಕೆ ಚಟ್ನಿಪುಡಿ, ಸಂಜೆಗಳಿಗೆ ನಿಪ್ಪಟ್ಟು, ಅತ್ತೆಯವರಿಗೆ ಹುರಿಹಿಟ್ಟು. ಕಾಡಿನ ದಾರಿಯಲ್ಲಿ ಪ್ಲಾಸ್ಟಿಕ್ ಒಯ್ಯಬಾರದಾದುದರಿಂದ ಸ್ಟೀಲಿನ ಡಬ್ಬಗಳಲ್ಲಿ ತುಂಬಿ, ನೀರಿಗೆ ಹಿತ್ತಾಳೆಯ ತಂಬಿಗೆಯನ್ನು ತೆಗೆದುಕೊಂಡೆವು.

ಲೆಕ್ಕ ಬರೆಯುವಾಗ ಬಸ್ಸಿನ ಸಾಲಿನಲ್ಲಿ ಮಗಳು ತಡೆದಿದ್ದಳು. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಬಸ್ಸು ಉಚಿತವಲ್ಲವೇ, ನಾವು ಮೂವರು ಹೆಂಗಸರು, ಇಷ್ಟು ಹಣವೇಕೆ ಎಂದು. ಉಚಿತವಹುದು, ಆ ರಾಜ್ಯದ ನಿವಾಸಿಗಳಿಗೆ. ತಮಿಳುನಾಡಿನಲ್ಲಿಯೂ 2021ರಿಂದ ಉಚಿತವಾಗಿದೆ. ಅದು ಪಟ್ಟಣ ಬಸ್ಸುಗಳಲ್ಲಿ. ನಾವು ಹೋಗಬೇಕಾದ ದಾರಿ ಎರಡಕ್ಕೂ ಹೊರಗಿನದು. ಇದನ್ನು ಅತ್ತೆಯವರಿಗೆ ತಿಳಿಯಹೇಳಿದ್ದರೂ ಅವರು ನಂಬಿರಲಿಲ್ಲ. ಚಾಮರಾಜನಗರದಲ್ಲಿ ಬೆಟ್ಟದ ಬಸ್ಸು ಹತ್ತಿ ಅರ್ಧ ಗಂಟೆಯಾದ ಮೇಲೆ ಕಂಡಕ್ಟರರು ಬಂದಾಗ, ಉಳಿದ ಹೆಂಗಸರಂತೆಯೇ ತಾವೂ ಸೀರೆಯ ಸೆರಗಿನಿಂದ ಆಧಾರ್ ಚೀಟಿಯನ್ನು ಬಿಚ್ಚಿ ಕೊಟ್ಟರು. ಕಂಡಕ್ಟರರು ಅದನ್ನು ತಿರುಗಿಸಿ ನೋಡಿ, "ಅವ್ವಾ, ಇದು ತಮಿಳುನಾಡಿಂದು, ಟಿಕೆಟ್ ತಗೋಬೇಕು" ಎಂದರು. ಒರಟಾಗಿ ಹೇಳಲಿಲ್ಲ. "ನಾ ಹುಟ್ಟಿದೂರು ಇದೇ ರಸ್ತೆಲಿ ಅದ ಕನಪ್ಪ. ಈಗ್ತಾನೆ ದಾಟ್ಕಂಡು ಬಂದೊ" ಎಂದರು ಅತ್ತೆಯವರು. ಬಸ್ಸಿನಲ್ಲಿ ಕೆಲವರು ನಕ್ಕರು. ಕಂಡಕ್ಟರರು ನಗದೆ ಚೀಟಿಯನ್ನು ಮಡಿಸಿ ಅವರ ಕೈಯಲ್ಲಿಟ್ಟು, ಹಣಕ್ಕಾಗಿ ನಮ್ಮ ಮುಖ ನೋಡಿದರು. ಕೊಟ್ಟೆವು. ಅತ್ತೆಯವರು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು; ಕಾಡು ಆರಂಭವಾಗಿ, ಮಗನು "ಕಾಟಿ, ಕಾಟಿ" ಎಂದು ಕೂಗಿದಾಗಲೇ ತಿರುಗಿದುದು. ಮೂರು ಕಾಟಿಗಳು, ಮೊಳಕಾಲವರೆಗೆ ಬಿಳಿಯ ಕಾಲುಚೀಲ ತೊಟ್ಟಂತೆ, ರಸ್ತೆಯ ಪಕ್ಕದಲ್ಲಿಯೇ ನಿಂತಿದ್ದವು. ಆಮೇಲೆ ಜಿಂಕೆಗಳ ಹಿಂಡು. ಜೀಪಿನವರು ನೂರಾರು ರೂಪಾಯಿ ತೆಗೆದುಕೊಂಡು ತೋರಿಸುವುದನ್ನು ಸಾಮಾನ್ಯ ಬಸ್ಸು ಟಿಕೆಟಿನ ದರದಲ್ಲಿಯೇ ತೋರಿಸಿತು.

ಬೆಟ್ಟದ ವರ್ಣನೆಯನ್ನು ಬಲ್ಲವರು ಬರೆದಿದ್ದಾರೆ, ಅದನ್ನು ಇಲ್ಲಿ ಬೆಳೆಸುವುದಿಲ್ಲ. ಜೀರ್ಣೋದ್ಧಾರಕ್ಕೆಂದು ವರ್ಷಗಟ್ಟಲೆ ಮುಚ್ಚಿದ್ದ ಗುಡಿಯು 2021ರಲ್ಲಿ ತೆರೆದುದು. ಗೋಡೆಗಳಲ್ಲಿ ಇನ್ನೂ ಹೊಸತನವಿದೆ. ಸೋಲಿಗರ ಹೆಣ್ಣು ಕುಸುಮಾಲೆಯನ್ನು ವರಿಸಿದುದರಿಂದ ಅವರಿಗೆಲ್ಲ ರಂಗಸ್ವಾಮಿಯು ರಂಗಭಾವನಾದ ಕಥೆಯನ್ನು ಅತ್ತೆಯವರು ಮೆಟ್ಟಿಲ ಮೇಲೆ ಕುಳಿತು ಮೊಮ್ಮಕ್ಕಳಿಗೆ ಹೇಳಿದರು. ದೇವರು ರಾತ್ರಿ ಕಾಡಿನಲ್ಲಿ ತಿರುಗಾಡುವನೆಂದು ಮಾದಿಗರು ಹೊಲಿದು ಒಪ್ಪಿಸುವ ಆ ದೊಡ್ಡ ಚರ್ಮದ ಪಾದುಕೆಗಳನ್ನು ಕಂಡು ಮಗನು, "ಹಾಗಾದರೆ ರಂಗಪ್ಪನೂ ಅಪ್ಪನ ಹಾಗೆ ರಾತ್ರಿ ಕಾವಲು ಹೋಗುತ್ತಾನೆಯೇ?" ಎಂದು ಕೇಳಿದನು. ಯಜಮಾನರು ನಕ್ಕರು. ಅವರು ನಕ್ಕುದನ್ನು ನೋಡಿ ನಮಗೆ ಹರಕೆಯ 500 ಸಾರ್ಥಕವೆನಿಸಿತು. ಭಾರ್ಗವಿಯ ದಂಡೆಯ ದೊಡ್ಡ ಸಂಪಿಗೆಯ ಮರವನ್ನು ನೋಡುವ ಆಸೆ ಮಗಳಿಗಿದ್ದಿತು. ಅದಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ವಾಹನವೂ ಬೇಕಾದುದರಿಂದ ಆ ಸಲ ಕೈಬಿಟ್ಟೆವು.

ಮೊದಲ ರಾತ್ರಿ ಮಳೆ ಹನಿದು ನಿಂತಿದ್ದಿತು. ಎರಡು ಗಂಟೆಯ ಸುಮಾರಿಗೆ ಕಣಿವೆಯ ಕೆಳಗಿನಿಂದ ಆನೆಯೊಂದು ಘೀಳಿಟ್ಟಿತು. ದೂರ, ಆದರೆ ಸ್ಪಷ್ಟವಾಗಿ. ಯಜಮಾನರು ಥಟ್ಟನೆದ್ದು ಕುಳಿತು ದಿಂಬಿನ ಪಕ್ಕದಲ್ಲಿ ಬ್ಯಾಟರಿಗಾಗಿ ಕೈಯಾಡಿಸಿದರು. ಬ್ಯಾಟರಿ ಇರಲಿಲ್ಲ, ಬರುವಾಗ ನಾವೇ ಚೀಲದಿಂದ ತೆಗೆದು ಮನೆಯಲ್ಲಿಟ್ಟು ಬಂದಿದ್ದೆವು. ಒಂದು ನಿಮಿಷ ಕತ್ತಲಲ್ಲಿ ಕಿವಿಗೊಟ್ಟು ಕುಳಿತರು. "ಎಲ್ಲಿ ಅದು?" ಎಂದರು. "ಬೆಟ್ಟದ ಕೆಳಗೆ" ಎಂದೆವು. "ನಮ್ಮದಲ್ಲ" ಎಂದು ಹೇಳಿ, ಗೋಡೆಯ ಕಡೆಗೆ ತಿರುಗಿ ಮಲಗಿದರು.

ಬೆಳಗ್ಗೆ ಏಳಾಯಿತು, ಎಂಟಾಯಿತು. ಮಕ್ಕಳು ಇಡ್ಲಿಗೆ ಹೋಗಬೇಕೆಂದು ಬಾಗಿಲ ಬಳಿ ಕಾಲು ಬದಲಿಸುತ್ತ ನಿಂತಿದ್ದರು. ಅತ್ತೆಯವರು ಬಾಯಿಗೆ ಬೆರಳಿಟ್ಟು, ಹುರಿಹಿಟ್ಟಿನ ಡಬ್ಬವನ್ನು ತೆಗೆದುಕೊಂಡು, ಇಬ್ಬರನ್ನೂ ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದರು. ಹತ್ತು ಗಂಟೆಯವರೆಗೆ ಆ ಕೋಣೆಯ ಬಾಗಿಲನ್ನು ನಾವು ತೆರೆಯಲಿಲ್ಲ.