ವಿಭೂತಿಯ ಕೆಳಗೆ ಬ್ಲ್ಯಾಕ್ ಸಬ್ಬತ್

ಹಣೆಯ ವಿಭೂತಿ, ಬಿಳಿ ಪಂಚೆ, ಹೆಗಲ ಮೇಲಿನ ಟವೆಲ್ಲು ನೋಡಿದವರು ನನ್ನ ಫೋನಿನಲ್ಲಿ ವಚನಗಳೇ ಇರಬೇಕೆಂದು ನಂಬಿಬಿಡುತ್ತಾರೆ. ಕಾಯಿ ಸುಲಿಯಲು ಬರುವ ಹುಡುಗ ಒಮ್ಮೆ, 'ಯಾವ್ ಸ್ವಾಮ್ಗಳ್ದಣ್ಣ ಪ್ರವಚನ? ಕಣ್ ಮುಚ್ಕೊಂಡ್ ಕೇಳ್ತೀರಲ್ಲ' ಅಂದ. ಇಯರ್‌ಫೋನಿನ ಒಂದು ತುದಿ ಅವನ ಕಿವಿಗಿಟ್ಟೆ. ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಅದು ಬ್ಲ್ಯಾಕ್ ಸಬ್ಬತ್ ಎಂಬ ಹೆವಿ ಮೆಟಲ್ ತಂಡ.

ಈ ಚಟ ಹತ್ತಿದ್ದು ತುಮಕೂರಿನ ಹಾಸ್ಟೆಲಿನಲ್ಲಿ, ರೂಮ್‌ಮೇಟ್ ತಂದಿದ್ದ ಎಂಪಿತ್ರೀ ಸಿಡಿಗಳಿಂದ. 2007ರ ಮಾರ್ಚಿನಲ್ಲಿ ಐರನ್ ಮೇಡನ್ ತಂಡ ಮೊದಲ ಸಲ ಭಾರತಕ್ಕೆ ಬಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದಾಗ ಆ ಧೂಳಿನಲ್ಲಿ ನಾನೂ ಇದ್ದೆ. ಆಮೇಲೆ ಅಪ್ಪ ತೀರಿಕೊಂಡರು. ತುರುವೇಕೆರೆ ಸೀಮೆಯ ತೋಟ, ಸಾಲ, ಪಂಚೆ ಮೂರೂ ನನ್ನ ಪಾಲಿಗೆ ಬಂದವು.

ಈ ಗದ್ದಲದ ಹುಟ್ಟಿನ ಕಥೆ ಅರ್ಥವಾದದ್ದು ತೋಟಕ್ಕೆ ಬಂದ ಮೇಲೆಯೇ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಟೋನಿ ಅಯೋಮಿ ಎಂಬ 17ರ ಹುಡುಗ ಅಲ್ಲಿ ತಗಡಿನ ಕೆಲಸದಲ್ಲಿದ್ದ. ಕೆಲಸ ಬಿಡುವ ಕೊನೆಯ ದಿನವೇ ಯಂತ್ರಕ್ಕೆ ಬಲಗೈ ಸಿಕ್ಕಿ ಎರಡು ಬೆರಳುಗಳ ತುದಿ ಹೋಯಿತು. ಅವನು ಎಡಚ, ಗಿಟಾರಿನ ತಂತಿ ಒತ್ತಬೇಕಾದದ್ದು ಅದೇ ಕೈ. ಎಲ್ಲ ಮುಗಿಯಿತೆಂದು ಕೂತವನಿಗೆ ಕಾರ್ಖಾನೆಯ ಮೇಲಿನವರೊಬ್ಬರು ಜ್ಯಾಂಗೊ ರೈನ್‌ಹಾರ್ಟ್‌ನ ರೆಕಾರ್ಡು ಕೇಳಿಸಿದರು. ಬೆಂಕಿಯಲ್ಲಿ ಎರಡು ಬೆರಳು ಸೆಟೆದುಹೋದ ಮೇಲೂ ಗಿಟಾರ್ ನುಡಿಸಿದವನು ಆತ. ಅಯೋಮಿ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ಮೇಲೆ ಹಳೇ ಚರ್ಮದ ತುಂಡು ಅಂಟಿಸಿದ, ತೆಳು ತಂತಿ ಹಾಕಿದ. ಮುಂದೆ ತಂತಿ ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಅವನ ತಂಡವಾದ ಬ್ಲ್ಯಾಕ್ ಸಬ್ಬತ್ 1970ರಲ್ಲಿ ತಂದ ಮೊದಲ ಆಲ್ಬಮ್ಮನ್ನೇ ಹೆವಿ ಮೆಟಲ್‌ನ ಆದಿ ಎನ್ನುವವರು ಬಹಳ.

ಮಚ್ಚಿಗೆ ಬೆರಳು ಕೊಟ್ಟವರು ನಮ್ಮ ತೆಂಗಿನ ಸೀಮೆಯಲ್ಲೂ ಇದ್ದಾರೆ. ಅವರಿಗೆ ಈ ಕಥೆ ಹೇಳಿದರೆ ಹಾಡು ಬೇಡ ಅನ್ನುತ್ತಾರೆ, ಟೊಪ್ಪಿಗೆ ಮಾಡಿದ್ದು ಹೆಂಗೆ ಅಂತ ಮಾತ್ರ ಬಿಡಿಸಿ ಬಿಡಿಸಿ ಕೇಳುತ್ತಾರೆ.

2023ರಲ್ಲಿ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ತಿಪಟೂರಿನ ಹರಾಜು ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಕಾಯಿ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಿಸಬೇಕು. ನೀರು ಕುಲುಕಿದರೆ ಇನ್ನೂ ಹಸಿ. ಗಿಟುಕು ಲೊಟಲೊಟ ಅಂತ ಹೊರಳಿದರೆ ಒಡೆಯಬಹುದು. ಒಂದು ಕಿವಿಗೆ ಕಾಯಿ, ಇನ್ನೊಂದಕ್ಕೆ ಅಯೋಮಿ. ಹಾಗೆ ಆ ವರ್ಷ ತಳ್ಳಿದೆ. ಭಾವಗೀತೆ ಹಾಕಿದರೆ ಕಣ್ಣು ತುಂಬಿ ಬರುತ್ತಿತ್ತು, ಬಡ್ಡಿಯ ಲೆಕ್ಕ ಇನ್ನಷ್ಟು ಕಾಡುತ್ತಿತ್ತು. ಮೆಟಲ್ ಸಮಾಧಾನ ಹೇಳುವ ಗೋಜಿಗೇ ಹೋಗುವುದಿಲ್ಲ. ನಾನು ಕೂಗಬೇಕಾದದ್ದನ್ನೆಲ್ಲ ತಾನೇ ಕೂಗಿ ಮುಗಿಸುತ್ತದೆ. ರಾತ್ರಿ ಮುದ್ದೆ ಮುರಿಯುವ ಹೊತ್ತಿಗೆ ಮನೆಯವರ ಮೇಲೆ ರೇಗಲು ನನ್ನಲ್ಲಿ ಏನೂ ಉಳಿದಿರುತ್ತಿರಲಿಲ್ಲ.

'ರೀ, ಮಿಕ್ಸಿಗೆ ಕಲ್ಲು ಹಾಕ್ದಂಗೈತೆ' ಎನ್ನುವುದು ನನ್ನ ಹೆಂಡತಿಯ ವಿಮರ್ಶೆ. ವೀರಗಾಸೆಯಲ್ಲಿ ಕರಡೆ, ಚಮಾಳ ಒಟ್ಟಿಗೆ ಎದ್ದಾಗ ಪಕ್ಕದವರ ಮಾತು ಕೇಳಿಸುತ್ತಾ ಎಂದರೆ, 'ಅದು ದೇವರದು' ಎನ್ನುತ್ತಾಳೆ. ಇದಕ್ಕೆ ನನ್ನ ಬಳಿ ಜವಾಬಿಲ್ಲ.

2025ರ ಜುಲೈ 5ರಂದು ಬ್ಲ್ಯಾಕ್ ಸಬ್ಬತ್ ತನ್ನೂರು ಬರ್ಮಿಂಗ್‌ಹ್ಯಾಮಿನಲ್ಲೇ ಕೊನೆಯ ಕಛೇರಿ ಕೊಟ್ಟಿತು. ಗಾಯಕ ಓಜಿ ಆಸ್ಬರ್ನ್ ಕೂತೇ ಹಾಡಿದ, 22ಕ್ಕೆ ತೀರಿಕೊಂಡ. ಅಷ್ಟರಲ್ಲಿ ತಿಪಟೂರಿನಲ್ಲಿ ಕೊಬ್ಬರಿ 25 ಸಾವಿರ ದಾಟಿತ್ತು, ನನ್ನ ಸಿಟ್ಟಿಗೆ ಕಾರಣವೇ ಉಳಿದಿರಲಿಲ್ಲ. ಆದರೂ ಅವತ್ತು ಇಯರ್‌ಫೋನ್ ಕಿತ್ತು ಸ್ಪೀಕರಿಗೇ ಹಾಕಿದೆ. ಹೆಂಡತಿ ಬಂದು ಸೌಂಡು ಅರ್ಧ ಇಳಿಸಿ ಹೋದಳು, ಆರಿಸಲಿಲ್ಲ. ನಿಮ್ಮ ಮನೆಯಲ್ಲೂ ಯಾರಾದರೂ ನಿಮಗೆ ಒಗ್ಗದ ಹಾಡು ಹಾಕಿಕೊಂಡು ಕೂತಿದ್ದರೆ ಅಷ್ಟು ಮಾಡಿ ಸಾಕು.