ನೆಲದಡಿಯ ನಿಲ್ದಾಣ ಮತ್ತು ಗಡಿಯ ಮಗು

ಲೋಹಾರಾ, ಉಮರ್ಗಾ ಕಡೆಯ ಕನ್ನಡ ಶಾಲೆಯ ಮಗುವಿಗೆ ಪಠ್ಯಪುಸ್ತಕದ ಹೊರಗೆ ಕನ್ನಡ ಅಕ್ಷರ ಕಾಣಸಿಗುವುದು ವಿರಳ: ಕರ್ನಾಟಕದಿಂದ ಬರುವ ಬಸ್ಸಿನ ನೆತ್ತಿಯ ಮೇಲೆ, ಅಲ್ಲೊಂದು ಇಲ್ಲೊಂದು ಗುಡಿಯ ಗೋಡೆಯ ಮೇಲೆ. ತಹಸೀಲ ಕಚೇರಿಯ ಬಾಗಿಲಿನ ಫಲಕ ಮರಾಠಿಯದು. ಅದರಲ್ಲಿ ದೂರುವಂಥದ್ದೇನೂ ಇಲ್ಲ. ರಾಜ್ಯದ ಭಾಷೆ ಅದು, ಮಗುವೂ ಅದನ್ನು ಸಲೀಸಾಗಿ ಓದುತ್ತದೆ. ಆದರೂ ಅಂಥ ಮಗು ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಮೆಟ್ಟಿಲಿಳಿದು, ನೆಲದಡಿಯಲ್ಲಿ ನಾಡಪ್ರಭು ಕೆಂಪೇಗೌಡರ ಹೆಸರಿನ ನಿಲ್ದಾಣದ ಫಲಕವನ್ನು ಕಂಡಾಗ ಒಂದು ಗಳಿಗೆ ನಿಂತುಬಿಡುವುದು ಸಹಜ. ಪರೀಕ್ಷೆಗೆಂದು ಕಲಿತ ಅಕ್ಷರ ಅಲ್ಲಿ ದಾರಿ ತೋರಿಸುತ್ತದೆ.

‘ನಮ್ಮ ಮೆಟ್ರೊ’ ಮೊದಲು ಓಡಿದ್ದು 2011ರ ಅಕ್ಟೋಬರ್ 20ರಂದು, ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ, ಕಂಬಗಳ ಮೇಲೆ. ನೆಲದೊಳಗಿನ ಮಾರ್ಗ ತೆರೆಯಲು 2016ರ ಏಪ್ರಿಲ್ ಬರಬೇಕಾಯಿತು. ಬೆಂಗಳೂರಿನ ನೆಲದಡಿ ಒಂದೆಡೆ ಗಟ್ಟಿ ಬಂಡೆ, ಪಕ್ಕದಲ್ಲಿಯೇ ಸಡಿಲ ಮಣ್ಣು; ಸುರಂಗ ಕೊರೆಯುವ ಯಂತ್ರಗಳು ಕೆಟ್ಟು ತಿಂಗಳುಗಟ್ಟಲೆ ನಿಂತದ್ದುಂಟು. ಆ ಯಂತ್ರಗಳಲ್ಲಿ ಕೆಲವಕ್ಕೆ ಕಾವೇರಿ, ಕೃಷ್ಣಾ, ಗೋದಾವರಿ ಎಂದು ಹೆಸರಿಟ್ಟಿದ್ದರು. ತೇರಣೆಯ ನೀರು ಮಾಂಜರೆಯನ್ನು ಕೂಡಿ ಗೋದಾವರಿಗೆ ಹೋಗುವ ಈ ಸೀಮೆಯವರಿಗೆ ಕೊನೆಯ ಹೆಸರು ಹತ್ತಿರದ್ದು. 2017ರ ಜೂನ್‌ನಲ್ಲಿ 42.3 ಕಿಲೋಮೀಟರಿನ ಮೊದಲ ಹಂತ ಪೂರ್ಣಗೊಂಡಿತು.

ಫಲಕಗಳ ವಿವಾದ ಭುಗಿಲೆದ್ದದ್ದೂ ಆ ದಿನಗಳಲ್ಲಿಯೇ. ಕನ್ನಡ, ಇಂಗ್ಲಿಷಿನ ಜೊತೆಗೆ ಹಿಂದಿ ಏಕೆ ಎಂಬ ಪ್ರಶ್ನೆಯಿಂದ ಪ್ರತಿಭಟನೆಗಳು ನಡೆದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೇಂದ್ರಕ್ಕೆ ಪತ್ರ ಬರೆದರು. ಹಿಂದಿ ಅಕ್ಷರಗಳು ಫಲಕಗಳಿಂದ ಹೋದವು. ಕಾನೂನಿನ ದೃಷ್ಟಿಯಿಂದ ಸಂಗತಿ ಕುತೂಹಲಕರ. 1976ರ ರಾಜಭಾಷಾ ನಿಯಮಗಳು ದೇಶವನ್ನು ಮೂರು ವಲಯಗಳಾಗಿ ವಿಂಗಡಿಸುತ್ತವೆ. ಮಹಾರಾಷ್ಟ್ರ ಎರಡನೆಯದರಲ್ಲಿ, ಕರ್ನಾಟಕ ಮೂರನೆಯದರಲ್ಲಿ. ಈ ನಿಯಮಗಳು ಕೇಂದ್ರದ ಕಚೇರಿಗಳಿಗಾಗಿ ಆದವು. ಮೆಟ್ರೊ ಕಂಪನಿಯಾದರೋ ಕೇಂದ್ರ ಮತ್ತು ರಾಜ್ಯಗಳ ಸಮಪಾಲಿನ ಉದ್ಯಮ. ವಾದಕ್ಕೆ ಆಸ್ಪದವಿದ್ದದ್ದು ಆ ಸಂದಿನಲ್ಲಿ.

ಬೆಂಗಳೂರಿನ ಗೆಲುವಿಗೆ ಗಡಿಯ ಕನ್ನಡಿಗ ಹಿಗ್ಗುತ್ತಾನೆ, ಹಿಗ್ಗಲಿ. ಆದರೆ ನಾಡಿನ ಭಾಷೆಗೇ ಮೊದಲ ಸ್ಥಾನವೆಂಬ ತತ್ತ್ವ ಅಲ್ಲಿ ಕನ್ನಡದ ಪರವಾದರೆ ಇಲ್ಲಿ ಮರಾಠಿಯ ಪರ. ಉದಗೀರ, ನಿಲಂಗಾಗಳು 1956ರ ನವೆಂಬರ್ 1ರಂದು ಬೀದರ ಜಿಲ್ಲೆಯಿಂದ ಕಳಚಿ ಮುಂಬಯಿ ರಾಜ್ಯಕ್ಕೆ ಸೇರಿದ ಮೇಲೆ ಇಲ್ಲಿಯ ಕನ್ನಡಕ್ಕೆ ಸಂಖ್ಯೆಯ ಬಲವಿಲ್ಲ. ಇರುವುದು ಕಾಗದದ ಬಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಪ್ರೌಢಶಾಲೆಯ ಮಾತು ಅದರಲ್ಲಿಲ್ಲ. ಶಾಲೆಯಲ್ಲಿ 40 ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಆ ಭಾಷೆಯ ಶಿಕ್ಷಕರನ್ನು ಕೊಡಬೇಕೆಂಬ ಸೂತ್ರ 1949ರ ಶಿಕ್ಷಣ ಸಚಿವರ ಸಮ್ಮೇಳನದ್ದು. ಒಂದು ಪ್ರದೇಶದ ಜನಸಂಖ್ಯೆಯಲ್ಲಿ ಶೇಕಡಾ 15ರಷ್ಟಾದರೂ ಅಲ್ಪಸಂಖ್ಯಾತ ಭಾಷಿಕರಿದ್ದರೆ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬ ಒಪ್ಪಂದವೂ ಉಂಟು. ಇದನ್ನು ಕೇಳಿ ಅರ್ಜಿ ಬರೆಯುವವರು ಕಡಿಮೆ. ಜೂನ್ ಬಂದಾಗ ಒಂದನೆಯ ತರಗತಿಯ ಹಾಜರಿಪಟದಲ್ಲಿ ಒಂಬತ್ತು ಹೆಸರುಗಳಿವೆಯೋ ಹತ್ತೋ ಎಂಬುದು ಮೆಟ್ರೊ ಫಲಕಕ್ಕಿಂತ ದೊಡ್ಡ ಸಂಗತಿ.

ಕನ್ನಡ ಕಲಿತರೆ ಉದ್ಯೋಗವೆಲ್ಲಿ ಎಂದು ತಂದೆತಾಯಿ ಕೇಳುವುದು ತಪ್ಪಲ್ಲ. 2025ರ ಮಾರ್ಚ್‌ನಲ್ಲಿ ಬೆಂಗಳೂರು ಮೆಟ್ರೊ 50 ರೈಲು ಚಾಲಕರ ನೇಮಕಕ್ಕೆ ಹೊರಡಿಸಿದ ಪ್ರಕಟಣೆಯನ್ನು, ಅದರ ಷರತ್ತುಗಳು ಕನ್ನಡಿಗರಿಗೆ ಪ್ರತಿಕೂಲವೆಂಬ ಆಕ್ಷೇಪ ಬಂದ ಮೇಲೆ ಹಿಂತೆಗೆದುಕೊಂಡಿತು. ಭಾಷೆ ಬಲ್ಲವರಿಗೆ ಅಲ್ಲಿ ಬೆಲೆಯಿದೆ ಎಂಬುದಕ್ಕೆ ಅಷ್ಟು ಸಾಕು. ಕೆಲಸ ಕೈಗೆ ಬಂದೀತೆಂಬುದಕ್ಕೆ ಸಾಲದು, ತಾಂತ್ರಿಕ ವಿದ್ಯೆಯೂ ಬೇಕು. ಇತ್ತ ಪುಣೆಯಲ್ಲಿ 2022ರ ಮಾರ್ಚ್‌ನಿಂದ ಮೆಟ್ರೊ ಓಡುತ್ತಿದೆ. ದುಡಿಮೆಗೆ ಈ ಕಡೆಯ ಜನ ಹೆಚ್ಚಾಗಿ ಹೋಗುವುದೂ ಅಲ್ಲಿಗೇ. ಲೋಹಾರಾದ ಕನ್ನಡ ಶಾಲೆಯ ಮಗು ಆ ನಿಲ್ದಾಣದ ಮರಾಠಿ ಫಲಕವನ್ನೂ ಯಾರ ನೆರವಿಲ್ಲದೆ ಓದಿ ತನ್ನ ಗಾಡಿ ಹತ್ತುತ್ತದೆ.