ಮೂರು ಬಳ್ಳಿಗಳ ಜಾಗ

ವಿಭಾಗದ ಸಂಸ್ಮರಣ ಸಂಪುಟಕ್ಕೆ ಲೇಖನ ಬೇಕೆಂದಾಗ ಶಾಸನವನ್ನೋ ಛಂದಸ್ಸನ್ನೋ ಕುರಿತು ಬರೆಯುವುದು ವಾಡಿಕೆ. ಅವನ್ನು ಬಲ್ಲವರು ಈ ಸಂಪುಟದಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನಾನು ಸೌತೆಕಾಯಿಯನ್ನು ಆರಿಸಿಕೊಂಡಿದ್ದೇನೆ. ಚೆನ್ನೈಯ ಅಣ್ಣಾ ನಗರದಲ್ಲಿರುವ ನಮ್ಮ ಮನೆಯ ಹಿಂದೆ, ಕಾಂಪೌಂಡು ಗೋಡೆಯ ಪಕ್ಕದಲ್ಲಿ, ಮೂರು ಬಳ್ಳಿಗಳಿಗೆ ಸಾಲುವಷ್ಟು ಮಣ್ಣು ಉಳಿದಿದೆ. 1968ರ ವಾಣಿಜ್ಯ ಪ್ರದರ್ಶನದ ನೆಲದ ಸುತ್ತ ಬೆಳೆದ ಬಡಾವಣೆಯಿದು. ಆ ಪ್ರದರ್ಶನಕ್ಕೆಂದು ಕಟ್ಟಿದ ಗೋಪುರಕ್ಕೆ ನಮ್ಮ ವಿಶ್ವೇಶ್ವರಯ್ಯನವರ ಹೆಸರಿದೆ. ಇಂಥ ಕಡೆ ಮೂರು ಬಳ್ಳಿಗಳ ಜಾಗವೆಂದರೆ ಒಂದೇ ತಳಿಯ ಜಾಗ. ಯಾವ ತಳಿ ಎಂಬುದು ಮೇಲ್ನೋಟಕ್ಕೆ ಅಡುಗೆಮನೆಯ ಪ್ರಶ್ನೆ. ಯೋಚಿಸುತ್ತ ಹೋದಂತೆ ಅದು ಅಷ್ಟಕ್ಕೇ ನಿಲ್ಲುವುದಿಲ್ಲ.

ಮೊದಲ ತೊಡಕು ಹೆಸರಿನದು. ಹಳೆಯ ಮೈಸೂರಿನವರಿಗೆ ಸೌತೆಕಾಯಿ ಎಂದರೆ ಹಸಿಯಾಗಿ ತಿನ್ನುವ, ಕೋಸಂಬರಿಗೆ ಹೆಚ್ಚುವ ಕಾಯಿ. ಕರಾವಳಿಯವರಿಗೆ ಸೌತೆ ಎಂದರೆ ಹುಳಿಗೆ ಹಾಕುವ, ಹಳದಿ ಪಟ್ಟೆಗಳ ದಪ್ಪ ಕಾಯಿ. ಹಸಿಯಾಗಿ ತಿನ್ನುವುದು ಅವರಿಗೆ ಮುಳ್ಳುಸೌತೆ. ಮೈಸೂರಿನಿಂದ ಮಂಗಳೂರಿಗೆ ಸೊಸೆಯಾಗಿ ಹೋದವಳು ಅಂಗಡಿಯಲ್ಲಿ ಸೌತೆಕಾಯಿ ಕೇಳಿದರೆ ಕೋಸಂಬರಿಗೆ ಒದಗದ ಕಾಯಿ ಕೈಗೆ ಬರುತ್ತದೆ. ಆ ಹುಳಿಯ ಸೌತೆಯೇ ತುಳುವಿನಲ್ಲಿ ತೌತೆ, ಕೊಂಕಣಿಯಲ್ಲಿ ಮಗ್ಗೆ, ಉತ್ತರ ಕನ್ನಡದಲ್ಲಿ ಮೊಗೆಕಾಯಿ. ಧಾರವಾಡದ ಕಡೆ ಸೌತೆ ‘ಸವತಿ’ಯಾಗಿ ನಗೆಗೂ ಆಸ್ಪದ ಕೊಡುತ್ತದೆ. ಕಿಟೆಲ್ ಅವರ 1894ರ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದುದು ಮದರಾಸು ವಿಶ್ವವಿದ್ಯಾನಿಲಯ. ಆ ಕಾರ್ಯವನ್ನು ನಡೆಸಿದ ಎಂ. ಮರಿಯಪ್ಪ ಭಟ್ಟರು ಅದಕ್ಕೆ ಮುಂಚೆ, 1967ರಲ್ಲಿ, ಶಂಕರ ಕೆದಿಲಾಯರೊಡನೆ ತುಳು ನಿಘಂಟನ್ನೂ ಇಲ್ಲಿಂದಲೇ ಪ್ರಕಟಿಸಿದ್ದರು. ಸೌತೆ, ತೌತೆಗಳ ನಂಟನ್ನು ಹುಡುಕುವವನು ಮದರಾಸಿಗೇ ಬರಬೇಕಾದುದು ಹೀಗೆ.

ಸಸ್ಯಶಾಸ್ತ್ರವು ಈ ತೊಡಕನ್ನು ಒಂದೇ ಏಟಿಗೆ ಬಿಡಿಸುತ್ತದೆ. ಮುಳ್ಳುಸೌತೆಯ ಜೀವಕೋಶದಲ್ಲಿರುವುದು ಏಳು ಜೊತೆ ವರ್ಣತಂತುಗಳು. ಹುಳಿಯ ಸೌತೆಯಾದರೋ ಕರಬೂಜದ ಕುಲಕ್ಕೆ ಸೇರಿದುದು. ಅದಕ್ಕೆ ಹನ್ನೆರಡು ಜೊತೆ. ಆಂಧ್ರರ ದೋಸಕಾಯ, ಮಲಯಾಳಿಗಳು ವಿಷುಕಣಿಯಲ್ಲಿ ಇಡುವ ವೆಳ್ಳರಿ ಇವೆಲ್ಲ ಈ ಎರಡನೆಯ ಬಳಗ. ಎರಡನ್ನೂ ಒಂದೇ ಚಪ್ಪರಕ್ಕೆ ಹಬ್ಬಿಸಿದರೂ ಅವು ಬೆರೆಯುವುದಿಲ್ಲ. ಮೃತ್ಯುಂಜಯ ಮಂತ್ರದ ಉರ್ವಾರುಕಕ್ಕೆ ಸೌತೆಯೆಂದು ಅರ್ಥ ಹೇಳುವುದುಂಟು. ಆದರೆ ಮುಳ್ಳುಸೌತೆ ಹಣ್ಣಾದರೂ ತೊಟ್ಟನ್ನು ಸುಲಭವಾಗಿ ಬಿಡುವುದಿಲ್ಲ. ಮಾಗಿದಾಗ ತಾನಾಗಿ ತೊಟ್ಟು ಕಳಚಿಕೊಳ್ಳುವುದು ಕರಬೂಜ, ಕೆಕ್ಕರಿಕೆಗಳ ಸ್ವಭಾವ. ಅರ್ಥನಿರ್ಣಯದಲ್ಲಿ ತೋಟಗಾರನಿಗೂ ಒಂದು ಮಾತಿಗೆ ಅವಕಾಶವಿದೆ ಎಂದಷ್ಟೇ ಇಲ್ಲಿ ಹೇಳಬಯಸುತ್ತೇನೆ.

ಮದರಾಸಿನ ಹೆಸರನ್ನೇ ಹೊತ್ತ ಒಂದು ಕಾಡುಸೌತೆಯೂ ಉಂಟು. ಲಿನೇಯಸ್ 1753ರಲ್ಲಿ ಅದನ್ನು ಕುಕುಮಿಸ್ ಮದೆರಾಸ್ಪಟಾನಸ್ ಎಂದು ಕರೆದ. ತಮಿಳರು ಮುಸುಮುಸುಕ್ಕೈ ಎನ್ನುವ, ಕೆಮ್ಮು ನೆಗಡಿಗೆ ಅಡೆ ಮಾಡಿ ತಿನ್ನುವ ಒರಟು ಎಲೆಯ ಸಣ್ಣ ಬಳ್ಳಿಯಿದು. ನಮ್ಮ ಗೋಡೆಯ ಮೇಲೆ ಇದು ಯಾರ ಆರೈಕೆಯೂ ಇಲ್ಲದೆ ಹಬ್ಬುತ್ತದೆ. ಈ ಊರಿನ ನಿಜವಾದ ನಿವಾಸಿ ಅದು; ಉಳಿದವರೆಲ್ಲ ಬಂದವರು.

ಇನ್ನು ಆಯ್ಕೆಯ ಮಾತು. ಹುಳಿಯ ಸೌತೆಯನ್ನು ನಾನು ಮೊದಲೇ ಕೈಬಿಟ್ಟೆ. ಅದು ನೆಲದ ಮೇಲೆ ವಿಸ್ತಾರವಾಗಿ ಹರಿಯುವ ಬೆಳೆ. ಊರಿನಲ್ಲಿ ಬೇಸಗೆಯ ಗದ್ದೆಗಳಲ್ಲಿ ಬೆಳೆದು, ಬಾಳೆಯ ನಾರಿನಿಂದ ಕಟ್ಟಿ ಅಟ್ಟದ ಕೆಳಗೆ ತೂಗುಹಾಕಿ, ಮಳೆಗಾಲವಿಡೀ ಬಳಸುತ್ತಿದ್ದರು. ಅದಕ್ಕೆ ಗದ್ದೆಯೂ ಬೇಕು, ಅಟ್ಟವೂ ಬೇಕು. ಉಳಿದುದು ಹಸಿಯಾಗಿ ತಿನ್ನುವ ಕಾಯಿ. ಅಂಗಡಿಯಲ್ಲಿ ದೊರೆಯುವ ಬೀಜಗಳಲ್ಲಿ ಕೆಲವು ಹೊಸ ಸಂಕರ ತಳಿಗಳು ಪರಾಗವಿಲ್ಲದೆಯೇ ಕಾಯಿ ಬಿಡುತ್ತವೆ. ಜೇನುನೊಣ ಬೇಕಿಲ್ಲ, ಹೂವೆಲ್ಲ ಹೆಣ್ಣು, ಒಳಗೆ ಬಲಿತ ಬೀಜವಿಲ್ಲ. ಮಹಡಿಯ ಮೇಲೆ ಬೆಳೆಯುವವರಿಗೆ ಇವು ವರವೇ ಸರಿ. ಆದರೆ ಮುಂದಿನ ವರ್ಷ ಮತ್ತೆ ಅಂಗಡಿಗೇ ಹೋಗಬೇಕು.

ಪಾಯಿನ್‌ಸೆಟ್ ಎಂಬ ಹೆಸರಿನ ಬೀಜವೂ ಸಿಗುತ್ತದೆ. ಇದರ ಕಥೆ ಗಮನಾರ್ಹವಾದುದು. ಸೌತೆಯ ಎಲೆಗಳನ್ನು ಸುಡುವ ಬೂಜುತುಪ್ಪಟ ರೋಗಕ್ಕೆ ತಡೆಯನ್ನು ಅರಸುತ್ತಿದ್ದ ಅಮೆರಿಕದ ವಿಜ್ಞಾನಿಗಳಿಗೆ ಅದು ದೊರೆತುದು ಭಾರತದಿಂದ ಹೋದ ಒಂದು ಬೀಜಮಾದರಿಯಲ್ಲಿ. ಅಲ್ಲಿನ ದಾಖಲೆಯಲ್ಲಿ ಅದರ ಸಂಖ್ಯೆ 197087. ಅದರ ಗುಣವನ್ನು ಸೇರಿಸಿ ರೂಪಿಸಿದ ಪಾಯಿನ್‌ಸೆಟ್ 1966ರಲ್ಲಿ ಬಳಕೆಗೆ ಬಂದಿತು. 2004ರಲ್ಲಿ ಹೊಸ ರೂಪದ ರೋಗ ಕಾಣಿಸಿಕೊಳ್ಳುವವರೆಗೂ ಆ ತಡೆ ಅಲ್ಲಿಯ ಹೊಲಗಳನ್ನು ಕಾಯಿತು. ಈಗ ಅದೇ ಹೆಸರು ನಮ್ಮ ಬೀಜದಂಗಡಿಯ ಪೊಟ್ಟಣದ ಮೇಲಿದೆ. ಸಂಖ್ಯೆ ಉಳಿದಿದೆ, ಆ ಬೀಜವನ್ನು ಬಿತ್ತಿ ತೆಗೆದು ಕಾಪಾಡಿಕೊಂಡು ಬಂದವರ ಹೆಸರು ಆ ಸಂಖ್ಯೆಯಲ್ಲಿಲ್ಲ.

ಈ ಕಥೆಯನ್ನು ತಿಳಿದ ಮೇಲೆ ನನ್ನ ಆಯ್ಕೆ ಸುಲಭವಾಯಿತು. ಊರಿನಿಂದ ತಾಯಿ ಕೊಟ್ಟುಕಳುಹಿಸಿದ್ದ ಮುಳ್ಳುಸೌತೆಯ ಬೀಜ ನಮ್ಮಲ್ಲಿದ್ದಿತು: ಗಿಡ್ಡ ಕಾಯಿ, ಬಿಳಿಹಸುರು ಬಣ್ಣ, ಎಳೆಯದರಲ್ಲಿ ಕೈಗೆ ಚುಚ್ಚುವ ಕಪ್ಪು ಮುಳ್ಳು. ಅಂಗಡಿಯ ತಳಿಗಳನ್ನು ಅಂಗಡಿ ಕಾಯುತ್ತದೆ. ಇದನ್ನು ಕಾಯುವವರು ಬೇರೆ ಯಾರೂ ಇಲ್ಲ. ಇಳುವರಿ ಅರ್ಧಕ್ಕಿಂತ ಕಡಿಮೆ ಎಂಬುದನ್ನು ಒಪ್ಪಿಕೊಂಡೇ ಈ ಮಾತನ್ನು ಹೇಳುತ್ತಿದ್ದೇನೆ.

ಕಾಯುವುದಕ್ಕೆ ಶ್ರಮ ಬೇಕು. ಊರಿನಲ್ಲಿ ಮುಂಗಾರಿನೊಡನೆ ಬಿತ್ತಿದರೆ ಚೌತಿಯ ಹೊತ್ತಿಗೆ ಕಾಯಿ. ಇಲ್ಲಿ ಮಳೆ ಬರುವುದು ಐಪ್ಪಸಿ, ಕಾರ್ತಿಗೈಗಳಲ್ಲಿ. ಆದುದರಿಂದ ಹಿಂಗಾರು ಮುಗಿದು ತೈ ತಿಂಗಳು ಹುಟ್ಟಿದ ಮೇಲೆ ಬಿತ್ತುತ್ತೇವೆ; ಚೌತಿಯ ಕಾಯಿ ಇಲ್ಲಿ ರಾಮನವಮಿಯ ಕೋಸಂಬರಿಯಾಯಿತು. ಕತ್ತರಿ ಬಿಸಿಲು ಹತ್ತಿರವಾದಂತೆ ಗಂಡುಹೂಗಳೇ ಹೆಚ್ಚುತ್ತವೆ, ನೀರು ತಪ್ಪಿದರೆ ಕಾಯಿ ಕಹಿಯಾಗುತ್ತದೆ. ತೊಟ್ಟಿನ ಕಡೆ ಕೊಯ್ದು ಉಜ್ಜಿ ನೊರೆ ತೆಗೆಯುವ ಪದ್ಧತಿಯಲ್ಲಿ ಉಜ್ಜುವುದಕ್ಕಿಂತ ಕೊಯ್ದು ಎಸೆಯುವುದೇ ಮುಖ್ಯ, ಏಕೆಂದರೆ ಕಹಿ ಹೆಚ್ಚಾಗಿ ನಿಲ್ಲುವುದು ಅಲ್ಲಿಯೇ. ಪಕ್ಕದ ಮನೆಯ ಮಹಡಿಯ ಸೌತೆಯ ಪರಾಗವನ್ನು ಜೇನುನೊಣ ಇಲ್ಲಿಗೆ ತರುತ್ತದೆ. ಆದುದರಿಂದ ಬೀಜಕ್ಕೆ ಬಿಡುವ ಕಾಯಿಗಾಗಿ, ಮರುದಿನ ಅರಳಲಿರುವ ಒಂದು ಗಂಡುಮೊಗ್ಗನ್ನೂ ಒಂದು ಹೆಣ್ಣುಮೊಗ್ಗನ್ನೂ ಸಂಜೆಯೇ ದಾರದಿಂದ ಕಟ್ಟಿ, ಬೆಳಿಗ್ಗೆ ಬಿಚ್ಚಿ, ಪರಾಗವನ್ನು ಕೈಯಿಂದಲೇ ಮುಟ್ಟಿಸಿ ಮತ್ತೆ ಕಟ್ಟಬೇಕು. ಆ ಕಾಯಿ ಬಳ್ಳಿಯಲ್ಲೇ ಕಂದುಹಳದಿಯಾಗಿ ಬಲಿಯಬೇಕು. ತಿರುಳನ್ನು ಎರಡು ದಿನ ಹುಳಿಯಲು ಬಿಟ್ಟು, ತೊಳೆದು, ನೆರಳಿನಲ್ಲಿ ಒಣಗಿಸಿ ಬೂದಿಯೊಡನೆ ಬೆರೆಸಿಡಬೇಕು. ಊರಿನಲ್ಲಿ ಸಗಣಿಯೊಡನೆ ಗೋಡೆಗೆ ಮೆತ್ತುತ್ತಿದ್ದರು. ಬಣ್ಣ ಬಳಿದ ಗೋಡೆಗೆ ಅದು ಸಲ್ಲದು.

2019ರ ಬೇಸಗೆಯಲ್ಲಿ ಚೆನ್ನೈಯ ಜಲಾಶಯಗಳು ಬತ್ತಿದವು. ಕುಡಿಯುವ ನೀರಿಗೆ ಲಾರಿಗಾಗಿ ಕಾಯುತ್ತಿದ್ದಾಗ ಸೌತೆಗೆ ನೀರೆರೆಯುವುದು ನ್ಯಾಯವೆನಿಸಲಿಲ್ಲ. ಅಕ್ಕಿ ತೊಳೆದ ನೀರು ಮಾತ್ರ ಅದರ ಪಾಲಿಗೆ ಬಂದಿತು. ಎರಡು ಬಳ್ಳಿಗಳು ಒಣಗಿದವು; ಮೂರನೆಯದು ಒಂದೇ ಒಂದು ಕಾಯಿಯನ್ನು ಬಲಿಸಿತು. ಸೌತೆಗೆ ಒಂದು ವಿಶೇಷವಿದೆ: ಒಂದೇ ಬಳ್ಳಿಯ ಹೂಗಳನ್ನು ತಮ್ಮತಮ್ಮಲ್ಲೇ ಕೂಡಿಸಿದರೂ ಅದರ ಸಂತಾನ ಅಷ್ಟಾಗಿ ಸೊರಗುವುದಿಲ್ಲ. ಮುಂದಿನ ವರ್ಷದ ಬಳ್ಳಿಗಳು, ಅನಂತರದವು, ಈಗಿನವು ಎಲ್ಲವೂ ಆ ಒಂದು ಕಾಯಿಯ ಮಕ್ಕಳು.

ಈಗ ಇದು ಊರಿನ ಮುಳ್ಳುಸೌತೆಯೇ ಎಂದು ಕೇಳಿದರೆ ಪೂರ್ಣವಾಗಿ ಹೌದೆನ್ನಲಾರೆ. ಕಾಯಿ ಸ್ವಲ್ಪ ಗಿಡ್ಡವಾಗಿದೆ, ಸಿಪ್ಪೆ ದಪ್ಪವಾಗಿದೆ, ಬಿಸಿಲನ್ನು ಮೊದಲಿಗಿಂತ ಚೆನ್ನಾಗಿ ತಾಳುತ್ತದೆ. ಮದರಾಸಿನಲ್ಲಿ ತಲೆಮಾರುಗಳಿಂದ ನೆಲೆಸಿದ ಮನೆಗಳ ಕನ್ನಡಕ್ಕೂ ಇಂಥದೇ ಬದಲಾವಣೆ ಆಗಿರುವುದನ್ನು ನಾವು ಬಲ್ಲೆವು. ಅದು ಕನ್ನಡವಲ್ಲವೆಂದು ಹೇಳಿದವರಿಲ್ಲ. ಬೀಜ ಬೇಕೆಂದವರಿಗೆ ಹತ್ತು ಬೀಜ ಕೊಡುತ್ತೇನೆ. ಎಷ್ಟೇ ರುಚಿಯಾಗಿದ್ದರೂ ಒಂದು ಕಾಯನ್ನು ಕೀಳದೆ ಬಿಡಬೇಕು, ಷರತ್ತು ಅಷ್ಟೇ.